ಬಸುರಿಯ ಮನಸ್ಸಿಗೆ ಹಾಡಿನ ಆಸರೆ

‘ಬಸುರಿ ಹೆಂಗಸು ಸದಾ ಸಂತೋಷವಾಗಿರಬೇಕು’ ಎಂದು ಹಿರಿಯರೆಲ್ಲ ಹೇಳುತ್ತಾರೆ. ಆದರೆ ಆ ಸಂತೋಷ ಬಾರದಿದ್ದರೆ? ರಾತ್ರಿ ನಿದ್ದೆ ಹತ್ತದೆ, ಕಾರಣವಿಲ್ಲದೆ ಅಳು ಬಂದು, ಹೆರಿಗೆಯ ಭಯ ಕಾಡತೊಡಗಿದರೆ ಯಾರ ಮುಂದೆ ಹೇಳಿಕೊಳ್ಳುವುದು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ನೂರಕ್ಕೆ ಸುಮಾರು 16 ಗರ್ಭಿಣಿಯರು ಮಾನಸಿಕ ತೊಂದರೆ ಅನುಭವಿಸುತ್ತಾರೆ. ಹೆರಿಗೆಯ ನಂತರ ಈ ಸಂಖ್ಯೆ 20ರ ಹತ್ತಿರ ಹೋಗುತ್ತದೆ. ಇವುಗಳಲ್ಲಿ ಖಿನ್ನತೆಯೇ ಮುಖ್ಯವಾದದ್ದು.

ಪಶ್ಚಿಮ ಆಫ್ರಿಕದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ಇದಕ್ಕೊಂದು ದಾರಿ ಹುಡುಕಿದವರು ಹಾಡುಗಾರ್ತಿಯರ ಮೊರೆಹೊಕ್ಕರು. ಅಲ್ಲಿ ‘ಕನ್ಯೆಲೆಂಗ್’ ಎಂಬ ಹೆಂಗಸರ ಕೂಟಗಳಿವೆ. ಮಕ್ಕಳಾಗದವರು, ಹೆತ್ತ ಮಕ್ಕಳನ್ನು ಕಳೆದುಕೊಂಡವರು ಸೇರಿ ಕಟ್ಟಿಕೊಂಡ ಕೂಟಗಳಿವು. ಹಾಗೆಂದು ಇವರು ಮೂಲೆಯಲ್ಲಿ ಅಳುತ್ತ ಕೂತವರಲ್ಲ. ಹಾಡಿ, ಕುಣಿದು, ತಮಾಷೆ ಮಾಡಿ ಊರನ್ನೇ ನಗಿಸುವವರು. ಜನರಿಗೆ ಆರೋಗ್ಯದ ತಿಳಿವಳಿಕೆ ಮುಟ್ಟಿಸಲೂ ಇವರ ಹಾಡುಗಳು ಬಳಕೆಯಾಗಿವೆ.

ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಗ್ಯಾಂಬಿಯಾದ ಆರೋಗ್ಯ ಸಚಿವಾಲಯದವರ ಜೊತೆ ಸೇರಿ ಈ ಕೂಟಗಳ ನೆರವಿನಿಂದ ಒಂದು ಪ್ರಯೋಗ ನಡೆಸಿದರು. ಅದರ ವಿವರ 2020ರಲ್ಲಿ ಪ್ರಕಟವಾಯಿತು. ಭಾಗವಹಿಸಿದ ಗರ್ಭಿಣಿಯರು 124 ಮಂದಿ. ಅವರಲ್ಲಿ 50 ಮಂದಿ ವಾರಕ್ಕೊಮ್ಮೆಯಂತೆ ಆರು ವಾರ ಕನ್ಯೆಲೆಂಗ್ ಹೆಂಗಸರ ಜೊತೆ ಕೂತು ಹಾಡಿದರು. ಉಳಿದ 74 ಮಂದಿಗೆ ಎಂದಿನ ಆರೈಕೆ ಮಾತ್ರ. ಹಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ಇಳಿದವು. ನಾಲ್ಕು ವಾರ ಕಳೆದು ನೋಡಿದಾಗಲೂ ಆ ಇಳಿಕೆ ಉಳಿದಿತ್ತು. ಇದು ಸಣ್ಣ ಪ್ರಯೋಗ, ನಿಜ. ಆದರೆ ಹಾಡು ಅವರದೇ ನೆಲದ್ದು, ಹಾಡಿಸಿದವರು ನೋವು ಉಂಡವರು ಎಂಬುದನ್ನು ಮರೆಯುವಂತಿಲ್ಲ.

ಇಂಗ್ಲೆಂಡಿನಲ್ಲಿ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೆರಿಗೆಯ ನಂತರ ಖಿನ್ನರಾದ 134 ತಾಯಂದಿರದ್ದು. ಕೆಲವರಿಗೆ ಹತ್ತು ವಾರ ಗುಂಪಿನಲ್ಲಿ ಹಾಡು, ಕೆಲವರಿಗೆ ಗುಂಪಿನಲ್ಲಿ ಆಟ, ಕೆಲವರಿಗೆ ಎಂದಿನ ಚಿಕಿತ್ಸೆ. ಕೊನೆಗೆ ಎಲ್ಲರೂ ಸುಧಾರಿಸಿದರು. ಆದರೆ ಖಿನ್ನತೆ ಹೆಚ್ಚಾಗಿದ್ದವರ ಪೈಕಿ ಬೇಗ ಚೇತರಿಸಿಕೊಂಡವರು ಹಾಡಿದವರು.

ಹಾಡಿಗೆ ಈ ಶಕ್ತಿ ಹೇಗೆ? ಹಾಡುವಾಗ ಉಸಿರು ನಿಧಾನವಾಗಿ, ಆಳವಾಗಿ ಸಾಗುತ್ತದೆ. ಹತ್ತು ಜನರ ದನಿಯಲ್ಲಿ ತನ್ನದೂ ಸೇರಿದಾಗ ಒಂಟಿತನ ಕರಗುತ್ತದೆ. ‘ನನಗೆ ಮನಸ್ಸು ಸರಿಯಿಲ್ಲ’ ಎಂದು ಬಾಯಿಬಿಡಲು ನಾಚುವವಳಿಗೂ ಹಾಡಲು ನಾಚಿಕೆಯಿಲ್ಲ!

ನಮ್ಮಲ್ಲೂ ಸೀಮಂತಕ್ಕೆ ಹೆಂಗಸರು ಸೇರಿ ಸೋಬಾನೆ ಹಾಡುವ ವಾಡಿಕೆಯಿದೆ. ಅದು ಒಂದು ದಿನದ ಸಂಭ್ರಮ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದರೆ ವಾರಕ್ಕೊಂದು ಸಂಜೆ ಅವಳೊಡನೆ ಕೂತು ಹಾಡಲು ದೊಡ್ಡ ವಿದ್ಯೆಯೇನೂ ಬೇಡ. ಶ್ರುತಿ ತಪ್ಪಿದರೂ ಚಿಂತೆಯಿಲ್ಲ.

ಆದರೆ ಹಾಡು ಔಷಧಿಗೆ ಬದಲಲ್ಲ. ಎರಡು ವಾರವಾದರೂ ಬೇಸರ ಹರಿಯದಿದ್ದರೆ, ಬದುಕೇ ಬೇಡವೆಂಬ ಮಾತು ಒಮ್ಮೆ ಬಂದರೂ ಸರಿ, ತಡಮಾಡದೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲಿ ಶುರುವಾಯಿತು. ಸರ್ಕಾರದ ಉಚಿತ ಸಹಾಯವಾಣಿ ‘ಟೆಲಿ ಮಾನಸ್’ ಸಂಖ್ಯೆ 14416.

ಬಸುರಿಗೆ ‘ಏನು ತಿಂದೆ?’ ಎಂದು ಎಲ್ಲರೂ ಕೇಳುತ್ತಾರೆ. ‘ಮನಸ್ಸು ಹೇಗಿದೆ?’ ಎಂದೂ ಕೇಳೋಣ.