ವೊಯ್ಚೆಖ್: ಒಂದು ಹೆಸರಿನ ಚರಿತ್ರೆ

ಮಗುವಿಗೆ ತಂದೆತಾಯಿಗಳು ಕೊಡುವ ಮೊದಲ ಕಾಣಿಕೆ ಹೆಸರು. ಮಗು ಅದನ್ನು ಬೇಡಿ ಪಡೆದಿರುವುದಿಲ್ಲ. ಆದರೂ ಬಾಳಿನ ಕೊನೆಯವರೆಗೆ ಅದನ್ನು ಹೊತ್ತು ನಡೆಯಬೇಕಾಗುತ್ತದೆ. ಕೆಲವು ಹೆಸರುಗಳು ಒಂದು ತಲೆಮಾರಿನಲ್ಲಿ ಬಳಕೆಗೆ ಬಂದು ಮರುತಲೆಮಾರಿನಲ್ಲಿ ಮರೆಯಾಗುತ್ತವೆ. ಮತ್ತೆ ಕೆಲವು ಸಾವಿರ ವರ್ಷ ಕಳೆದರೂ ಉಳಿದು ಬರುತ್ತವೆ. ಹೀಗೆ ಉಳಿಯಲು ಕಾರಣವೇನು? ಹೆಸರಿನ ಅರ್ಥವೇ? ಕಿವಿಗೆ ಅದು ಕೊಡುವ ಇಂಪೇ? ಅಥವಾ ಅದನ್ನು ಹೊತ್ತವರ ಬಾಳೇ? ಪೋಲೆಂಡ್ ದೇಶದ ಗಂಡುಮಕ್ಕಳ ಹೆಸರೊಂದರ ಚರಿತ್ರೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಆ ಹೆಸರು ವೊಯ್ಚೆಖ್.

ಪೋಲೆಂಡ್ ಮಧ್ಯ ಯೂರೋಪಿನ ದೇಶ. ಅಲ್ಲಿನ ಜನರ ಭಾಷೆಯಾದ ಪೋಲಿಷ್, ಸ್ಲಾವ್ ಭಾಷಾವರ್ಗಕ್ಕೆ ಸೇರಿದುದು. ಸ್ಲಾವ್ ಜನರು ಪುರಾತನ ಕಾಲದಿಂದಲೂ ಎರಡು ಪದಗಳನ್ನು ಕೂಡಿಸಿ ಹೆಸರುಗಳನ್ನು ರಚಿಸುತ್ತಿದ್ದರು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅವು ಸಮಾಸಪದಗಳು. ಅಂತಹ ಹಲವು ಹೆಸರುಗಳ ಕೊನೆಯಲ್ಲಿ ಬರುವ ‘ಸ್ಲಾವ’ ಎಂಬ ಪದಕ್ಕೆ ಕೀರ್ತಿ ಎಂದು ಅರ್ಥ. ಸಂಸ್ಕೃತದಲ್ಲಿ ಕೀರ್ತಿ ಎಂಬ ಅರ್ಥವುಳ್ಳ ‘ಶ್ರವಸ್’ ಎಂಬ ಪದವೂ ಇದೂ ಒಂದೇ ಮೂಲದಿಂದ ಬಂದವು. ದೂರದ ಪೋಲೆಂಡಿನ ನುಡಿಯೂ ಸಂಸ್ಕೃತವೂ ಒಂದೇ ದೊಡ್ಡ ಭಾಷಾಕುಟುಂಬದ ಬಂಧುಗಳು ಎಂಬುದಕ್ಕೆ ಇದೊಂದು ನಿದರ್ಶನ.

ವೊಯ್ಚೆಖ್ ಎಂಬ ಹೆಸರಿನಲ್ಲಿಯೂ ಎರಡು ಪದಗಳಿವೆ. ಮೊದಲನೆಯದಾದ ‘ವೊಯ್’ ಎಂದರೆ ಯೋಧ. ಯುದ್ಧ ಎಂಬರ್ಥದ ಪೋಲಿಷ್ ಪದವೂ ಇದರ ಸಂಬಂಧಿಯೇ. ಎರಡನೆಯದಾದ ‘ಚೆಖ್’ ಎಂಬುದು ಸಂತೋಷ, ಸಾಂತ್ವನ ಎಂಬ ಅರ್ಥಗಳನ್ನು ಕೊಡುವ ಧಾತುವಿನಿಂದ ಬಂದುದು. ಈ ಸಮಾಸವನ್ನು ಎರಡು ಬಗೆಯಾಗಿ ಬಿಡಿಸಬಹುದು. ಯುದ್ಧದಲ್ಲಿ ಹರ್ಷಪಡುವವನು ಎಂಬುದು ಒಂದು ವಿಗ್ರಹ. ಯೋಧರಿಗೆ ಹರ್ಷವನ್ನು ಉಂಟುಮಾಡುವವನು ಎಂಬುದು ಇನ್ನೊಂದು. ಹೇಗೆ ಬಿಡಿಸಿದರೂ ಅದು ಕತ್ತಿ ಹಿಡಿದು ಬಾಳಿದ ಕಾಲದ ಹೆಸರೆಂಬುದು ಸ್ಪಷ್ಟ. ತನ್ನ ಮಗ ವೀರನಾಗಲಿ ಎಂದು ಹಾರೈಸಿದ ತಂದೆಯ ಮನಸ್ಸು ಅದರಲ್ಲಿ ಅಡಗಿದೆ.

966ರಲ್ಲಿ ಪೋಲೆಂಡಿನ ದೊರೆಯು ಕ್ರೈಸ್ತಧರ್ಮವನ್ನು ಸ್ವೀಕರಿಸಿದನು. ಅಲ್ಲಿಂದ ಮುಂದೆ ಕಾಲಕ್ರಮದಲ್ಲಿ ಯಾನ್, ಪ್ಯೋತ್ರ್ ಮೊದಲಾದ ಕ್ರೈಸ್ತ ಹೆಸರುಗಳು ರೂಢಿಗೆ ಬಂದವು. ಮಗುವಿಗೆ ಯಾವುದಾದರೊಬ್ಬ ಸಂತನ ಹೆಸರಿಡುವುದೇ ಲೇಸೆಂಬ ಭಾವನೆ ಬಲಗೊಂಡಿತು. ಹಳೆಯ ಸ್ಲಾವ್ ಹೆಸರುಗಳಲ್ಲಿ ನೂರಾರು ಬಳಕೆತಪ್ಪಿ ಹೋದವು. ಹಾಗೆ ಅಳಿಯದೆ ಉಳಿದವುಗಳಲ್ಲಿ ಹೆಚ್ಚಿನವು ಸಂತರಾಗಿ ಪೂಜೆಗೊಂಡವರ ಹೆಸರುಗಳೇ ಆಗಿದ್ದವು. ವೊಯ್ಚೆಖ್ ಎಂಬ ಹೆಸರನ್ನು ಹೀಗೆ ಉಳಿಸಿಕೊಟ್ಟವನು ಹತ್ತನೆಯ ಶತಮಾನದ ಒಬ್ಬ ಧರ್ಮಗುರು.

ಆತನು ಹುಟ್ಟಿದುದು ಸುಮಾರು 956ರಲ್ಲಿ, ಇಂದಿನ ಚೆಕ್ ದೇಶದ ಲಿಬಿತ್ಸೆ ಎಂಬಲ್ಲಿ, ಒಂದು ಪ್ರಬಲ ರಾಜಮನೆತನದಲ್ಲಿ. ಓದಿಗಾಗಿ ಜರ್ಮನಿಯ ಮಾಗ್ಡೆಬುರ್ಗ್ ನಗರಕ್ಕೆ ಹೋದಾಗ ಅಲ್ಲಿನ ಆರ್ಚ್‌ಬಿಷಪ್ಪನಾದ ಆಡಾಲ್ಬರ್ಟನ ಹೆಸರನ್ನು ತಾನೂ ಸ್ವೀಕರಿಸಿದನು. ಆದುದರಿಂದಲೇ ಪಶ್ಚಿಮ ಯೂರೋಪು ಆತನನ್ನು ಸಂತ ಆಡಾಲ್ಬರ್ಟ್ ಎಂದು ಕರೆಯುತ್ತದೆ. ಸ್ಲಾವ್ ಜನರು ಮಾತ್ರ ತೊಟ್ಟಿಲಿನ ಹೆಸರನ್ನು ಬಿಡಲಿಲ್ಲ. 982ರಲ್ಲಿ ಆತನು ಪ್ರಾಗ್ ನಗರದ ಬಿಷಪ್ ಆಗಿ ಆಯ್ಕೆಯಾದನು. ಮನುಷ್ಯರನ್ನು ಗುಲಾಮರನ್ನಾಗಿ ಮಾರುತ್ತಿದ್ದುದನ್ನು ಕಂಡು ಆತನ ಮನಸ್ಸು ನೊಂದಿತು. ಅದನ್ನು ಆತನು ಖಂಡಿಸಿದನು. ಪ್ರಬಲರ ವಿರೋಧವನ್ನು ಎದುರಿಸಲಾರದೆ ಎರಡು ಬಾರಿ ಪೀಠವನ್ನು ತೊರೆದು ರೋಮ್ ನಗರದ ಮಠವನ್ನು ಸೇರಿದನು. 995ರಲ್ಲಿ ಶತ್ರುಗಳು ಲಿಬಿತ್ಸೆಯ ಕೋಟೆಯನ್ನು ಮುತ್ತಿ ಆತನ ಸೋದರರನ್ನು ಕೊಂದರು. ಹಿಂತಿರುಗಲು ಆತನಿಗೆ ತವರೇ ಇಲ್ಲವಾಯಿತು.

ಆಗ ಆತನಿಗೆ ಆಶ್ರಯವಿತ್ತವನು ಪೋಲೆಂಡಿನ ದೊರೆ ಬೊಲೆಸ್ವಾಫ್. ಬಾಲ್ಟಿಕ್ ಸಮುದ್ರತೀರದಲ್ಲಿ ವಾಸಿಸುತ್ತಿದ್ದ ಪ್ರಷ್ಯನ್ ಜನರಿಗೆ ಧರ್ಮಬೋಧೆ ಮಾಡಲು ವೊಯ್ಚೆಖ್ 997ರಲ್ಲಿ ಹೊರಟನು. ದೊರೆಯು ರಕ್ಷಣೆಗಾಗಿ ಮೂವತ್ತು ಮಂದಿ ಯೋಧರನ್ನು ಜೊತೆಗೆ ಕಳುಹಿಸಿದನೆಂದೂ, ಆತನು ಅವರನ್ನು ನಡುದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಿದನೆಂದೂ ಚರಿತ್ರೆಗಳು ಹೇಳುತ್ತವೆ. ಧರ್ಮವನ್ನು ಹೇಳಹೊರಟವನು ಆಯುಧಗಳ ನಡುವೆ ಹೋಗಲಾಗದು ಎಂಬುದು ಆತನ ಭಾವನೆ. ಆದರೆ ಆ ಜನರು ಆತನನ್ನು ನಂಬಲಿಲ್ಲ. ಪರರಾಜನ ಕಡೆಯಿಂದ ಬಂದು ತಮ್ಮ ದೇವತೆಗಳನ್ನು ಬಿಡಿರೆಂದವನಲ್ಲಿ ಅವರಿಗೆ ಸಂಶಯ ಹುಟ್ಟಿದ್ದು ಆಶ್ಚರ್ಯವಲ್ಲ. 997ರ ಏಪ್ರಿಲ್ 23ರಂದು ಅವರು ಆತನನ್ನು ಈಟಿಯಿಂದ ಇರಿದು ಕೊಂದರು. ಯುದ್ಧದಲ್ಲಿ ಹರ್ಷಪಡುವವನು ಎಂಬ ಹೆಸರನ್ನು ಹೊತ್ತವನು ಕೈಯಲ್ಲಿ ಆಯುಧವಿಲ್ಲದೆ ಮಡಿದನು. ಆ ಹೆಸರು ಸಾವಿರ ವರ್ಷ ಬಾಳಿದುದು ಈ ಸಾವಿನ ನೆನಪಿನಿಂದಲೇ.

ಬೊಲೆಸ್ವಾಫ್ ದೊರೆಯು ಶವದ ತೂಕದಷ್ಟು ಚಿನ್ನವನ್ನು ಕೊಟ್ಟು ಆತನ ದೇಹವನ್ನು ಬಿಡಿಸಿ ತಂದನೆಂದು ಪ್ರತೀತಿ. ಅದನ್ನು ಗ್ನೆಜ್ನೊ ನಗರದಲ್ಲಿ ಸಮಾಧಿ ಮಾಡಲಾಯಿತು. ಕ್ರಿ.ಶ. 1000ದಲ್ಲಿ ಜರ್ಮನ್ ಸಾಮ್ರಾಟನಾದ ಮೂರನೆಯ ಒಟ್ಟೊ ಆ ಸಮಾಧಿಯ ದರ್ಶನಕ್ಕೆ ಬಂದನು. ಪೋಲೆಂಡಿನ ಮೊದಲ ಆರ್ಚ್‌ಬಿಷಪ್ ಪೀಠವು ಅಲ್ಲಿ ಸ್ಥಾಪಿತವಾಯಿತು. ಅಲ್ಲಿನ ಮಹಾದೇವಾಲಯದಲ್ಲಿ ಹನ್ನೆರಡನೆಯ ಶತಮಾನದ ಕಂಚಿನ ಬಾಗಿಲುಗಳಿವೆ. ಅವುಗಳ ಮೇಲೆ ಆತನ ಜೀವನವನ್ನು 18 ದೃಶ್ಯಗಳಲ್ಲಿ ಎರಕ ಹೊಯ್ದಿದ್ದಾರೆ. ಗುಲಾಮರನ್ನು ಬಿಡುಗಡೆ ಮಾಡೆಂದು ಆತನು ದೊರೆಯಲ್ಲಿ ಬೇಡುವ ದೃಶ್ಯವೂ ಅವುಗಳಲ್ಲೊಂದು.

ಸಂತನ ಮೂಲಕ ಈ ಹೆಸರು ಅರಮನೆಯಿಂದ ಗುಡಿಸಲಿನವರೆಗೆ ಹಬ್ಬಿತು. ಪೋಲೆಂಡಿನಲ್ಲಿ ಪ್ರತಿಯೊಂದು ಹೆಸರಿಗೂ ಪಂಚಾಂಗದಲ್ಲಿ ಗೊತ್ತಾದ ದಿನವುಂಟು. ಆ ದಿನ ಬಂಧುಮಿತ್ರರು ಆ ಹೆಸರಿನವರಿಗೆ ಹೂವು, ಸಿಹಿತಿಂಡಿಗಳೊಡನೆ ಶುಭವನ್ನು ಕೋರುತ್ತಾರೆ. ಹಿಂದಿನವರು ಹುಟ್ಟುಹಬ್ಬಕ್ಕಿಂತ ಈ ನಾಮದಿನವನ್ನೇ ಹೆಚ್ಚು ಸಂಭ್ರಮದಿಂದ ಆಚರಿಸುತ್ತಿದ್ದರು. ವೊಯ್ಚೆಖ್ ಹೆಸರಿನ ದಿನ ಏಪ್ರಿಲ್ 23. ಸಂತನು ಮಡಿದ ದಿನವೇ ಅದು. ಮನೆಯಲ್ಲಿ ಮಾತ್ರ ಯಾರೂ ಪೂರ್ಣ ಹೆಸರನ್ನು ಹಿಡಿದು ಕರೆಯುವುದಿಲ್ಲ. ಗೆಳೆಯರಿಗೆ ಅವನು ವೊಯ್ತೆಕ್; ತಾಯಿಗೆ, ಅಜ್ಜಿಗೆ ವೊಯ್ತುಷ್. ವೊಯ್ಚೆಹೊಫ್ಸ್ಕಿ ಮುಂತಾದ ಮನೆತನದ ಹೆಸರುಗಳೂ ಇದರಿಂದಲೇ ಹುಟ್ಟಿವೆ.

ಪೋಲಿಷ್ ರಂಗಭೂಮಿಯ ಪಿತಾಮಹನೆಂದು ಪ್ರಸಿದ್ಧನಾದ ವೊಯ್ಚೆಖ್ ಬೊಗುಸ್ವಾಫ್ಸ್ಕಿ (1757–1829), ಸಂಗೀತ ರಚನಕಾರ ವೊಯ್ಚೆಖ್ ಕಿಲಾರ್ (1932–2013) ಮೊದಲಾದವರು ಈ ಹೆಸರಿಗೆ ಕೀರ್ತಿ ತಂದವರು. ಇವರಷ್ಟೇ ಜನಪ್ರಿಯನಾದ ಇನ್ನೊಬ್ಬನು ಓರ್ವ ಬಡ ರೈತ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೆರೆಯ ಸಾಮ್ರಾಜ್ಯಗಳು ಪೋಲೆಂಡನ್ನು ಹಂಚಿಕೊಳ್ಳುತ್ತಿದ್ದ ಸಮಯ. ಅದನ್ನು ಎದುರಿಸಿ ಕೊಶ್ಚೂಷ್ಕೊ ಎಂಬ ಸೇನಾನಿಯು ದಂಗೆಯೆದ್ದನು. 1794ರ ಏಪ್ರಿಲ್ 4ರಂದು ರಾತ್ಸ್ವಾವಿತ್ಸೆ ಎಂಬಲ್ಲಿ ರಷ್ಯದ ಸೈನ್ಯದೊಡನೆ ಕಾಳಗ ನಡೆಯಿತು. ಹುಲ್ಲು ಕೊಯ್ಯುವ ಉದ್ದನೆಯ ಕುಡುಗೋಲುಗಳನ್ನೇ ಆಯುಧವಾಗಿ ಹಿಡಿದು ರೈತರು ಮುನ್ನುಗ್ಗಿದರು. ವೊಯ್ಚೆಖ್ ಬಾರ್ತೊಷ್ ಎಂಬ ರೈತನು, ಇನ್ನೇನು ಸಿಡಿಯಲಿದ್ದ ಫಿರಂಗಿಯ ಬತ್ತಿಯನ್ನು ತನ್ನ ಟೋಪಿಯಿಂದ ಅದುಮಿ ಆರಿಸಿದನೆಂದು ಪ್ರಸಿದ್ಧಿ. ಕೊಶ್ಚೂಷ್ಕೊ ಅವನನ್ನು ಸೈನ್ಯದ ಅಧಿಕಾರಿಯನ್ನಾಗಿ ಮಾಡಿ ಗ್ವೊವಾತ್ಸ್ಕಿ ಎಂಬ ಗೌರವದ ಹೆಸರನ್ನಿತ್ತನು. ಆ ವರ್ಷವೇ ಮತ್ತೊಂದು ಕಾಳಗದ ಗಾಯಗಳಿಂದ ಅವನು ತೀರಿಕೊಂಡನು. 1795ರಲ್ಲಿ ಪೋಲೆಂಡ್ ಭೂಪಟದಿಂದ ಅಳಿಸಿಹೋಯಿತು. 1918ರವರೆಗೆ ಆ ಹೆಸರಿನ ಸ್ವತಂತ್ರ ರಾಜ್ಯವಿರಲಿಲ್ಲ. ದೇಶವಿಲ್ಲದ ಆ ಕಾಲದಲ್ಲಿಯೂ ತಾಯಂದಿರು ಮಕ್ಕಳಿಗೆ ವೊಯ್ಚೆಖ್ ಎಂದು ಹೆಸರಿಡುತ್ತಲೇ ಇದ್ದರು.

ಎರಡನೆಯ ಮಹಾಯುದ್ಧದಲ್ಲಿ ಈ ಹೆಸರು ಒಂದು ಕರಡಿಗೆ ಸಂದಿತು. 1939ರಲ್ಲಿ ಜರ್ಮನಿ ಮತ್ತು ಸೋವಿಯತ್ ರಷ್ಯಗಳು ಪೋಲೆಂಡನ್ನು ಆಕ್ರಮಿಸಿದವು. ಲಕ್ಷಾಂತರ ಪೋಲಿಷ್ ಜನರನ್ನು ರಷ್ಯದ ದೂರಪ್ರಾಂತಗಳಿಗೆ ಸಾಗಿಸಲಾಯಿತು. 1942ರಲ್ಲಿ ಅವರಲ್ಲಿ ಬಿಡುಗಡೆ ಪಡೆದ ಅನೇಕರು ಇರಾನಿಗೆ ಬಂದರು. ಕೆಲವು ಮಕ್ಕಳಿಗೆ ನಮ್ಮ ದೇಶದ ಜಾಮ್‌ನಗರದ ಬಳಿಯ ಬಾಲಾಚಡಿಯಲ್ಲಿಯೂ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿಯೂ ಆಶ್ರಯ ದೊರೆಯಿತು. ಸೈನಿಕರು ಇರಾನಿನಲ್ಲಿ ಬಾಲಕನೊಬ್ಬನಿಂದ ತಾಯಿಯಿಲ್ಲದ ಕರಡಿಮರಿಯೊಂದನ್ನು ಪಡೆದು, ಸೀಸೆಯಲ್ಲಿ ಹಾಲೂಡಿ ಸಾಕಿದರು. ಅದಕ್ಕೆ ಅವರಿಟ್ಟ ಹೆಸರು ವೊಯ್ತೆಕ್. 1944ರಲ್ಲಿ ಇಟಲಿಗೆ ಹೋಗುವ ಹಡಗಿನಲ್ಲಿ ಪ್ರಾಣಿಗಳಿಗೆ ಅವಕಾಶವಿರಲಿಲ್ಲ. ಸೈನಿಕರು ಅದನ್ನು ಸಿಪಾಯಿಯೆಂದು ಪಟ್ಟಿಯಲ್ಲಿ ಬರೆಸಿ ಜೊತೆಗೆ ಕರೆದೊಯ್ದರು. ಮೊಂತೆ ಕಸ್ಸೀನೊ ಕಾಳಗದಲ್ಲಿ ಅದು ಮದ್ದುಗುಂಡಿನ ಪೆಟ್ಟಿಗೆಗಳನ್ನು ಹೊತ್ತಿತೆಂದು ಜೊತೆಗಾರರು ಹೇಳಿದ್ದಾರೆ. ಗುಂಡನ್ನು ಹೊತ್ತ ಕರಡಿಯ ಚಿತ್ರವೇ ಆ ತುಕಡಿಯ ಲಾಂಛನವಾಯಿತು.

ಯುದ್ಧ ಮುಗಿಯಿತು. ಪೋಲೆಂಡಿನ ಗಡಿ ಬದಲಾಗಿತ್ತು, ಆಡಳಿತವೂ ಬದಲಾಗಿತ್ತು. ಅನೇಕ ಸೈನಿಕರಿಗೆ ಹಿಂತಿರುಗಲು ಮನೆಯಿರಲಿಲ್ಲ. ಅವರು ಸ್ಕಾಟ್ಲೆಂಡಿನಲ್ಲಿ ಉಳಿದರು. ವೊಯ್ತೆಕ್ 1947ರಲ್ಲಿ ಎಡಿನ್‌ಬರೊ ನಗರದ ಮೃಗಾಲಯವನ್ನು ಸೇರಿತು. ಹಳೆಯ ಸೈನಿಕರು ಅಲ್ಲಿಗೆ ಹೋಗಿ ಬೇಲಿಯ ಹೊರಗೆ ನಿಂತು ತಮ್ಮ ನುಡಿಯಲ್ಲಿ ಅದರ ಹೆಸರು ಹಿಡಿದು ಕೂಗುತ್ತಿದ್ದರು. ಅದು ತಲೆಯೆತ್ತಿ ನೋಡುತ್ತಿತ್ತಂತೆ. 1963ರಲ್ಲಿ ಅದು ಸತ್ತಿತು. ಯೋಧರಿಗೆ ಹರ್ಷವನ್ನು ಉಂಟುಮಾಡುವವನು ಎಂಬ ಎರಡನೆಯ ವಿಗ್ರಹವು ಆ ಮೂಕಪ್ರಾಣಿಗೆ ಎಷ್ಟು ಚೆನ್ನಾಗಿ ಒಪ್ಪಿತು!

ಈ ಹೆಸರಿನ ಛಾಯೆ ನಮ್ಮ ನಾಡಿನವರೆಗೂ ಬಂದುದುಂಟು. 1978ರಲ್ಲಿ ಎರಡನೆಯ ಜಾನ್ ಪಾಲ್ ಎಂಬ ಹೆಸರಿನಿಂದ ಪೋಪ್ ಪದವಿಗೇರಿದ ಕರೋಲ್ ವೊಯ್ತಿವಾ ಅವರ ಮನೆತನದ ಹೆಸರು ವೊಯ್ಚೆಖ್ ಎಂಬುದರ ಹ್ರಸ್ವರೂಪದಿಂದ ಬಂದುದು. ಅವರು 1986ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ ಮಂಗಳೂರಿಗೂ ಭೇಟಿಯಿತ್ತಿದ್ದರು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಪೋಲೆಂಡಿನಲ್ಲಿ ಈ ಹೆಸರು ಬಹಳ ಪ್ರಚಾರದಲ್ಲಿತ್ತು. ಇಂದಿಗೂ ಅಲ್ಲಿ ಲಕ್ಷಕ್ಕೆ ಮಿಕ್ಕಿದ ಗಂಡಸರು ವೊಯ್ಚೆಖರೇ. ಈಚಿನ ವರ್ಷಗಳಲ್ಲಿ ಆಂತೊನಿ, ಯಾನ್, ನಿಕೊದೆಮ್ ಮುಂತಾದ ಹೆಸರುಗಳು ಮುಂದಾಗಿ, ಇದನ್ನು ಮಕ್ಕಳಿಗಿಡುವುದು ಕಡಿಮೆಯಾಗಿದೆ. ಆದರೂ ಹೊಸದಾಗಿ ಹುಟ್ಟಿದ ಕೆಲವು ಮಕ್ಕಳು ಪ್ರತಿವರ್ಷವೂ ಇದನ್ನು ಪಡೆಯುತ್ತಲೇ ಇರುತ್ತಾರೆ.

ನಿಘಂಟಿನಲ್ಲಿ ಹುಡುಕಿದರೆ ವೊಯ್ಚೆಖ್ ಎಂಬುದರ ಅರ್ಥ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಆದರೆ ಆ ಜನರ ಮನಸ್ಸಿನಲ್ಲಿ ಅದು ಬೆಳೆಯುತ್ತಲೇ ಬಂದಿದೆ. ಕಾವಲುಗಾರರನ್ನು ಹಿಂದಕ್ಕೆ ಕಳುಹಿಸಿದ ಗುರುವಿನ ಶಾಂತಿ, ಟೋಪಿಯಿಂದ ಬೆಂಕಿಯನ್ನು ಆರಿಸಿದ ರೈತನ ಕೆಚ್ಚು, ಮನೆ ಕಳೆದುಕೊಂಡ ಸೈನಿಕರ ಅಕ್ಕರೆ ಇವೆಲ್ಲವೂ ಅದರಲ್ಲಿ ಸೇರಿಕೊಂಡಿವೆ. ಹೆಸರನ್ನು ಹಿರಿಯರು ಕೊಡುತ್ತಾರೆ. ಅದಕ್ಕೆ ಅರ್ಥವನ್ನು ಕೊಡಬೇಕಾದವರು ಅದನ್ನು ಹೊತ್ತವರು.