ಯಜಮಾನನ ನಂತರ ಮನೆಯು ಯಾರದು?

ಯಜಮಾನನು ತೀರಿಕೊಂಡ ಮನೆಯಲ್ಲಿ ವೈಕುಂಠಸಮಾರಾಧನೆಯ ದಿನದವರೆಗೆ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವರು. ನೆಂಟರಿಷ್ಟರು ಹೊರಟುಹೋದ ಮೇಲೆ, ಹಿರಿಯರ ಪೆಟ್ಟಿಗೆಯ ಬೀಗವನ್ನು ತೆಗೆಯುವ ಹೊತ್ತು ಬರುವುದು. ಅದರಲ್ಲಿ ಹಳೆಯ ಕ್ರಯಪತ್ರ, ಕಂದಾಯದ ರಸೀದಿಗಳು, ಬ್ಯಾಂಕಿನ ಠೇವಣಿಯ ಕಾಗದ, ವಿಮೆಯ ಪಾಲಿಸಿ ಎಲ್ಲವೂ ಇರುವುವು. ಯಾರಿಗೆ ಏನು ಸಲ್ಲಬೇಕೆಂಬ ಒಂದು ಕಾಗದ ಮಾತ್ರ ಇರುವುದಿಲ್ಲ. ಅಲ್ಲಿಂದ ಮೊದಲಾದ ಮನಸ್ತಾಪವು ಎಷ್ಟೋ ಮನೆಗಳಲ್ಲಿ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿ, ಒಡಹುಟ್ಟಿದವರು ಒಬ್ಬರ ಮುಖವನ್ನೊಬ್ಬರು ನೋಡದಂತೆ ಮಾಡಿಬಿಡುವುದು.

ಇಂತಹ ವ್ಯಾಜ್ಯಗಳಿಗೆಲ್ಲ ದುರಾಶೆಯೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ವಿಚಾರಮಾಡಿ ನೋಡಿದರೆ ತಿಳಿವಳಿಕೆಯ ಕೊರತೆಯೂ ಅಷ್ಟೇ ದೊಡ್ಡ ಕಾರಣವೆಂಬುದು ಕಂಡುಬರುವುದು. ಕಾಗದದಲ್ಲಿ ಕಾಣುವ ಹೆಸರು ಒಂದು, ಕಾಯಿದೆಯು ಕೊಟ್ಟಿರುವ ಹಕ್ಕು ಇನ್ನೊಂದು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅರ್ಧಪಾಲು ಜಗಳಗಳು ಹುಟ್ಟುವುವು. ಆದಕಾರಣ ಗೃಹಸ್ಥರು ಪದೇ ಪದೇ ಕೇಳುವ ಕೆಲವು ಪ್ರಶ್ನೆಗಳನ್ನು ತೆಗೆದುಕೊಂಡು ಇಲ್ಲಿ ಉತ್ತರ ಹೇಳಲಾಗಿದೆ.

ಇಲ್ಲಿ ಹೇಳುವುದು ಮುಖ್ಯವಾಗಿ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ವಿಷಯ. ವೀರಶೈವರಿಗೂ ಲಿಂಗಾಯತರಿಗೂ ಜೈನರಿಗೂ ಬೌದ್ಧರಿಗೂ ಸಿಖ್ಖರಿಗೂ ಇದು ಅನ್ವಯಿಸುವುದು. ಕ್ರೈಸ್ತರಿಗೆ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ, ಮುಸಲ್ಮಾನರಿಗೆ ಅವರ ಧರ್ಮಶಾಸ್ತ್ರದ ನಿಯಮಗಳೂ ಉಂಟು.

ವಿಷಯವು ಸ್ಪಷ್ಟವಾಗುವುದಕ್ಕೋಸ್ಕರ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಯಜಮಾನನು ಸಂಬಳದ ಹಣದಿಂದ ಪಟ್ಟಣದಲ್ಲಿ ಒಂದು ಮನೆಯನ್ನು ಕಟ್ಟಿಸಿದನು. ಊರಿನಲ್ಲಿ ತಲೆತಲಾಂತರದಿಂದ ಬಂದ ಜಮೀನುಂಟು. ಮನೆಯಲ್ಲಿ ಆತನ ವೃದ್ಧಮಾತೆ, ಹೆಂಡತಿ, ಇಬ್ಬರು ಗಂಡುಮಕ್ಕಳು; ಮಗಳೊಬ್ಬಳು ಮದುವೆಯಾಗಿ ಗಂಡನ ಮನೆಯಲ್ಲಿರುವಳು. ಆತನು ಮರಣಶಾಸನವನ್ನು ಬರೆಯದೆ ತೀರಿಕೊಂಡನು.

“ಮನೆಯ ಖಾತೆಯು ಹಿರಿಯ ಮಗನ ಹೆಸರಿಗೆ ಆಗಿದೆ. ಇನ್ನು ಮನೆಯು ಅವನದೇ ಅಲ್ಲವೆ?”

ಅಲ್ಲ. ಖಾತೆಯು ಕಂದಾಯವನ್ನು ಯಾರಿಂದ ವಸೂಲುಮಾಡತಕ್ಕದ್ದೆಂಬುದನ್ನು ತೋರಿಸುವ ದಾಖಲೆ. ಅದು ಸ್ವಾಮ್ಯವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಸರ್ವೋಚ್ಚ ನ್ಯಾಯಾಲಯವು ಇದನ್ನು ಅನೇಕ ತೀರ್ಪುಗಳಲ್ಲಿ ಹೇಳಿದೆ. ಜಮೀನಿನ ಪಹಣಿಗೆ ಸ್ವಲ್ಪ ಹೆಚ್ಚಿನ ಬೆಲೆಯುಂಟು. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ಪ್ರಕಾರ, ಬೇರೆ ರುಜುವಾತು ಬರುವವರೆಗೆ ಅದರಲ್ಲಿ ಬರೆದುದನ್ನು ಸತ್ಯವೆಂದು ಎಣಿಸತಕ್ಕದ್ದು. ರುಜುವಾತು ಬಂದರೆ ಅದೂ ನಿಲ್ಲಲಾರದು. ಹಿರಿಯ ಮಗನು ಎಲ್ಲರ ಪರವಾಗಿ ಕಂದಾಯವನ್ನು ಕಟ್ಟುತ್ತಿರುವನೆಂದು ಮಾತ್ರ ತಿಳಿಯಬೇಕು.

“ಹಾಗಾದರೆ ಆತನು ಸಂಪಾದಿಸಿದ ಮನೆಯು ಯಾರಿಗೆ?”

ಸ್ವಯಾರ್ಜಿತ ಆಸ್ತಿಯು, ಮರಣಶಾಸನವಿಲ್ಲದಿದ್ದಲ್ಲಿ, ಮೊದಲನೆಯ ವರ್ಗದ ವಾರಸುದಾರರೆಲ್ಲರಿಗೂ ಒಟ್ಟಿಗೆ ಸೇರುವುದು. ನಮ್ಮ ಉದಾಹರಣೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು, ಹೀಗೆ ಐವರಿಗೂ ಐದರಲ್ಲಿ ಒಂದೊಂದು ಪಾಲು. ಮಗಳಿಗೆ ಮದುವೆಯಾಗಿದೆಯೆಂಬ ಕಾರಣದಿಂದ ಅವಳ ಪಾಲು ಕಡಮೆಯಾಗುವುದಿಲ್ಲ. ಯಜಮಾನನಿಗಿಂತ ಮುಂಚೆ ಒಬ್ಬ ಮಗನೋ ಮಗಳೋ ತೀರಿಹೋಗಿದ್ದರೆ, ಅವರ ಮಕ್ಕಳಿಗೂ ಮಗನ ವಿಧವೆಗೂ ಆ ಸ್ಥಾನದ ಪಾಲು ಬರುವುದು.

ಇಲ್ಲಿ ಎಲ್ಲರೂ ಮರೆಯುವವಳು ಮೃತನ ತಾಯಿ. ಅವಳು ಅನ್ನವಸ್ತ್ರಕ್ಕೆ ಮಾತ್ರ ಹಕ್ಕುಳ್ಳವಳೆಂಬ ಭಾವನೆಯು ತಪ್ಪು, ಅವಳೂ ಪಾಲುಗಾರ್ತಿ. ಹಾಗೆಯೇ ವಿಧವೆಯೂ. ಅವಳಿಗೆ ಬಂದ ಪಾಲು ಜೀವಾವಧಿಯ ಅನುಭವಕ್ಕೆ ಮಾತ್ರ ಬಂದುದಲ್ಲ. ಅದನ್ನು ಇಟ್ಟುಕೊಳ್ಳುವುದಕ್ಕೂ ಮಾರುವುದಕ್ಕೂ ತನಗೆ ಬೇಕಾದವರಿಗೆ ಬರೆದುಕೊಡುವುದಕ್ಕೂ ಅವಳು ಪೂರ್ಣ ಸ್ವತಂತ್ರಳು. ಗಂಡನ ಮನೆಯಲ್ಲಿಯೇ ಮಕ್ಕಳ ಮುಖವನ್ನು ನೋಡುತ್ತ ಸಂಕೋಚದಿಂದ ಬಾಳುವ ಎಷ್ಟೋ ತಾಯಂದಿರಿಗೆ ಈ ಒಂದು ಸಂಗತಿಯು ತಿಳಿಯದು.

“ಪಿತ್ರಾರ್ಜಿತ ಜಮೀನಿನಲ್ಲಿ ಮದುವೆಯಾದ ಮಗಳಿಗೆ ಪಾಲುಂಟೆ?”

ಉಂಟು, ಮಗನಿಗೆ ಎಷ್ಟೋ ಅಷ್ಟು. ಈ ಸ್ಥಿತಿಯು ಒಂದೇ ದಿನದಲ್ಲಿ ಬಂದುದಲ್ಲ. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಮನೆತನದ ಆಸ್ತಿಯು ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಕೆಲವು ಸಂದರ್ಭಗಳಲ್ಲಿ ಅಂಶವನ್ನು ಕೊಟ್ಟಿತು. ೧೯೫೬ರ ಕಾಯಿದೆಯು ತಂದೆಯ ಅಂಶದಲ್ಲಿ ಮಗಳಿಗೆ ಭಾಗವನ್ನು ಕೊಟ್ಟರೂ, ಹುಟ್ಟಿನಿಂದಲೇ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕವು ೧೯೯೪ರಲ್ಲಿ ತಿದ್ದುಪಡಿ ಮಾಡಿ ಮಗಳಿಗೂ ಹುಟ್ಟಿನ ಹಕ್ಕನ್ನು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೊನೆಗೆ ೨೦೦೫ನೆಯ ಸೆಪ್ಟೆಂಬರ್ ೯ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು.

ಆ ದಿನ ತಂದೆಯು ಬದುಕಿರಬೇಕೆ ಎಂಬ ಸಂದೇಹವು ಹಲವು ವರ್ಷ ಉಳಿದಿದ್ದಿತು. ಸರ್ವೋಚ್ಚ ನ್ಯಾಯಾಲಯವು ೨೦೨೦ನೆಯ ಆಗಸ್ಟ್ ೧೧ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ, ಈ ಹಕ್ಕು ಹುಟ್ಟಿನಿಂದ ಬರತಕ್ಕದ್ದು, ತಂದೆಯು ಅಂದು ಜೀವಂತನಾಗಿರಬೇಕಾದುದಿಲ್ಲವೆಂದು ತೀರ್ಮಾನಿಸಿತು. ಆದರೆ ೨೦೦೪ನೆಯ ಡಿಸೆಂಬರ್ ೨೦ಕ್ಕೆ ಮೊದಲೇ ರಿಜಿಸ್ಟರಾದ ವಿಭಾಗಪತ್ರದಿಂದಾಗಲಿ ನ್ಯಾಯಸ್ಥಾನದ ಡಿಕ್ರಿಯಿಂದಾಗಲಿ ಪಾಲಾಗಿಹೋದ ಆಸ್ತಿಯನ್ನು ಈಗ ಮತ್ತೆ ಕೆದಕಲಾಗದು. “ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿತ್ತು” ಎಂದು ಹೇಳಿದರೆ ಸಾಲದು. ಸರಕಾರಿ ದಾಖಲೆಗಳ ಬಲವಾದ ಆಧಾರವಿದ್ದ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಅಂತಹ ಮಾತನ್ನು ಒಪ್ಪುವರು.

“ಮದುವೆಗೆ ಬೇಕಾದಷ್ಟು ಖರ್ಚುಮಾಡಿದೆವು. ಮತ್ತೆ ಪಾಲೆಂದರೇನು?”

ಈ ಮಾತು ಅಣ್ಣತಮ್ಮಂದಿರ ಬಾಯಲ್ಲಿ ಸಹಜವಾಗಿ ಬರುವುದು. ಮದುವೆಯ ವೆಚ್ಚವು ತಂದೆತಾಯಿಗಳ ಸಂತೋಷಕ್ಕೆ ಸೇರಿದ್ದು. ಅದರಿಂದ ಮಗಳ ಹಕ್ಕು ತೀರಿಹೋಗುವುದಿಲ್ಲ. ವರದಕ್ಷಿಣೆಯ ಲೆಕ್ಕವನ್ನು ಹೇಳುವವರು, ಅದನ್ನು ಕೊಡುವುದೂ ತೆಗೆದುಕೊಳ್ಳುವುದೂ ೧೯೬೧ರ ಕಾಯಿದೆಯಿಂದ ಅಪರಾಧವಾಗಿದೆಯೆಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮಗಳು ತಾನಾಗಿಯೇ ಪಾಲನ್ನು ಬಿಟ್ಟುಕೊಡಬಹುದು. ತವರಿನ ಬಾಗಿಲು ತನಗೆ ತೆರೆದಿರಲಿ, ಗೌರಿಹಬ್ಬಕ್ಕೆ ಬಾಗಿನ ಬರಲಿ ಎಂಬ ಆಸೆಯಿಂದ ಹಾಗೆ ಮಾಡುವವರು ಅನೇಕರುಂಟು. ಬಿಟ್ಟುಕೊಡುವುದು ಅವಳ ಇಷ್ಟ; ಆದರೆ ಏನನ್ನು ಬಿಡುತ್ತಿರುವೆನೆಂಬುದು ಅವಳಿಗೆ ತಿಳಿದಿರಬೇಕು. ನೂರು ರೂಪಾಯಿಗೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರವು ರಿಜಿಸ್ಟರಾಗತಕ್ಕದ್ದೆಂದು ೧೯೦೮ರ ಕಾಯಿದೆಯು ವಿಧಿಸುವುದು. ಕರ್ಮಾಂತರದ ಗದ್ದಲದಲ್ಲಿ “ಖಾತೆಗೆ ಬೇಕು” ಎಂದು ಬಿಳಿಯ ಕಾಗದದ ಮೇಲೆ ಹಾಕಿಸಿಕೊಂಡ ರುಜುವು ಇದಕ್ಕೆ ಸಾಟಿಯಲ್ಲ. ಓದದೆ ರುಜುಮಾಡಬಾರದೆಂದು ಮನೆಯ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಹೇಳಿಕೊಡಬೇಕು. ತನ್ನನ್ನು ಪಾಲಿನಿಂದ ಹೊರಗಿಟ್ಟರೆಂದು ತಿಳಿದ ಮೇಲೆ ಸುಮ್ಮನಿರುವುದೂ ಒಳ್ಳೆಯದಲ್ಲ. ತಿಳಿದಂದಿನಿಂದ ೧೨ ವರ್ಷಗಳೊಳಗಾಗಿ ದಾವೆ ಹೂಡಬೇಕೆಂಬ ಮಿತಿಯುಂಟು.

“ಬ್ಯಾಂಕಿನಲ್ಲಿ ಚಿಕ್ಕ ಮಗನು ನಾಮಿನಿಯಾಗಿದ್ದಾನೆ. ಹಣವು ಅವನಿಗೇ ಸೇರಿತಲ್ಲವೆ?”

ಬ್ಯಾಂಕಿನವರು ಹಣವನ್ನು ಅವನ ಕೈಗೆ ಕೊಡುವರು. ಅಲ್ಲಿಗೆ ಅವರ ಹೊಣೆಯು ತೀರಿತು. ಆದರೆ ಅವನು ಆ ಹಣವನ್ನು ವಾರಸುದಾರರೆಲ್ಲರ ಪರವಾಗಿ ತೆಗೆದುಕೊಂಡವನು. ದೇವಸ್ಥಾನದ ಪ್ರಸಾದದ ತಟ್ಟೆಯನ್ನು ಹಿಡಿದವನಿಗೆ ಪ್ರಸಾದವೆಲ್ಲವೂ ತನ್ನದಾಗುವುದಿಲ್ಲವಷ್ಟೆ. ಕಂಪೆನಿಯ ಷೇರುಗಳ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ಇದೇ ಅಭಿಪ್ರಾಯವನ್ನು ಕೊಟ್ಟಿತು. ಜೀವವಿಮೆಗೆ ಮಾತ್ರ ೨೦೧೫ರ ತಿದ್ದುಪಡಿಯಲ್ಲಿ ಒಂದು ವಿಶೇಷವುಂಟು: ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಫಲವು ಅವರಿಗೆ ಸಲ್ಲತಕ್ಕದ್ದೆಂದು ಅದು ಹೇಳುವುದು. ಆದರೂ ಈ ಮಾತಿನ ವ್ಯಾಪ್ತಿಯನ್ನು ಕುರಿತು ನ್ಯಾಯಸ್ಥಾನಗಳಲ್ಲಿ ವಾದಗಳು ನಡೆದಿರುವುದರಿಂದ, ದೊಡ್ಡ ಮೊತ್ತವಿದ್ದಲ್ಲಿ ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ನಾಮಿನಿಯ ಹೆಸರನ್ನು ಬರೆದೆನು, ಇನ್ನು ಮರಣಶಾಸನವೇಕೆ ಎಂದು ಯಾರೂ ನಿಶ್ಚಿಂತರಾಗಬಾರದು.

“ಮರಣಶಾಸನವನ್ನು ಬರೆಯುವ ಕ್ರಮವೇನು?”

ಪ್ರಾಪ್ತವಯಸ್ಕನಾದ, ಸ್ವಸ್ಥಬುದ್ಧಿಯುಳ್ಳ ಯಾರಾದರೂ ಬರೆಯಬಹುದು. ಛಾಪಾಕಾಗದ ಬೇಕಿಲ್ಲ. ರಿಜಿಸ್ಟರು ಮಾಡಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ಮಾಡಿಸಿದರೆ ಕಳೆದುಹೋಗುವ ಭಯವೂ ಸಂಶಯಕ್ಕೆ ಎಡೆಯೂ ಕಡಮೆ. ಬರೆದವನು ರುಜುಹಾಕಬೇಕು, ಕಡಮೆಯೆಂದರೆ ಇಬ್ಬರು ಸಾಕ್ಷಿಗಳು ಅದನ್ನು ಕಂಡು, ಅವನ ಎದುರಿನಲ್ಲಿ ತಾವೂ ರುಜುಹಾಕಬೇಕು. ಸಾಕ್ಷಿಗಳು ವಯಸ್ಸಿನಲ್ಲಿ ಚಿಕ್ಕವರಾಗಿದ್ದರೆ ಮೇಲು, ಏಕೆಂದರೆ ಮುಂದೆ ಅವರಲ್ಲೊಬ್ಬನಾದರೂ ನ್ಯಾಯಸ್ಥಾನಕ್ಕೆ ಬಂದು ಹೇಳಬೇಕಾದೀತು. ಲಾಭಹೊಂದುವವರು ಸಾಕ್ಷಿಗಳಾಗದಿರುವುದು ಲೇಸು. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ತಿದ್ದಿ ಬರೆಯಬಹುದು, ಕೊನೆಯದೇ ನಿಲ್ಲುವುದು. ಆದರೆ ಪಿತ್ರಾರ್ಜಿತದಲ್ಲಿ ತನ್ನ ಅಂಶವನ್ನಷ್ಟೇ ಬರೆಯಬಹುದಲ್ಲದೆ ಮಕ್ಕಳ ಅಂಶವನ್ನು ಬರೆಯಲಾಗದು. ಮುಸಲ್ಮಾನರು ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚನ್ನು ಬರೆಯಲಾರರು.

ಇಂತಹ ಶಾಸನವನ್ನು ರುಜುವಾತುಪಡಿಸುವ ರೀತಿಯನ್ನು ದೇಶಕ್ಕೆಲ್ಲ ಹೇಳಿಕೊಟ್ಟ ತೀರ್ಪು ನಮ್ಮ ಮೈಸೂರು ಸೀಮೆಯ ಮೊಕದ್ದಮೆಯಿಂದಲೇ ಹುಟ್ಟಿತೆಂಬುದು ಗಮನಾರ್ಹ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಎಂಬವರ ನಡುವಣ ಆ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೮ರಲ್ಲಿ ತೀರ್ಪುಕೊಟ್ಟಿತು. ರುಜುವನ್ನು ತೋರಿಸಿದರೆ ಮಾತ್ರ ಸಾಲದು. ಶಾಸನದ ಸುತ್ತ ಸಂಶಯಾಸ್ಪದವಾದ ಸಂಗತಿಗಳಿದ್ದರೆ, ಅದನ್ನು ಮುಂದಿಟ್ಟವನೇ ಅವನ್ನು ಪರಿಹರಿಸಬೇಕೆಂಬುದು ಅದರ ಸಾರ. ಬರೆಸುವುದರಲ್ಲಿ ಲಾಭಹೊಂದುವವನೇ ಮುಂದಾಳಾಗಿದ್ದರೆ ಸಂಶಯವು ಹೆಚ್ಚುವುದು. ಆದಕಾರಣ ಆರೋಗ್ಯವಾಗಿರುವಾಗಲೇ, ನಿರಾಳವಾದ ಮನಸ್ಸಿನಿಂದ, ಕಾರಣಗಳನ್ನು ಒಂದೆರಡು ಮಾತಿನಲ್ಲಿ ತಿಳಿಸಿ ಬರೆಯುವುದು ಜಾಣತನ. ಕೊನೆಯ ಉಸಿರಿನವರೆಗೆ ಕಾಯತಕ್ಕ ಕಾರ್ಯವಿದಲ್ಲ.

“ಈಗಲೇ ಮಗನಿಗೆ ದಾನಪತ್ರ ಬರೆದುಬಿಟ್ಟರೆ ಆಗದೆ?”

ಆಗಬಹುದು, ಆದರೆ ಎರಡು ಸಲ ಯೋಚಿಸಬೇಕು. ಮರಣಶಾಸನವು ಸತ್ತ ಮೇಲೆ ನಡೆಯುವುದು, ದಾನಪತ್ರವು ರಿಜಿಸ್ಟರಾಗಿ ಸ್ವೀಕೃತವಾದೊಡನೆ ನಡೆದುಹೋಗುವುದು. ಮನೆಯನ್ನು ಬರೆದುಕೊಟ್ಟ ಮಾರನೆಯ ದಿನದಿಂದ ಅದೇ ಮನೆಯಲ್ಲಿ ಅತಿಥಿಗಳಂತೆ ಬಾಳುವ ವೃದ್ಧರ ಕಥೆಯು ಹೊಸದಲ್ಲ. ಇದಕ್ಕೋಸ್ಕರವೇ ೨೦೦೭ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಬಂದಿತು. ತನ್ನನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತಿನಿಂದ ಕೊಟ್ಟ ಆಸ್ತಿಯನ್ನು ಪಡೆದವನು ಆ ಷರತ್ತನ್ನು ಮೀರಿದರೆ, ಆ ಪತ್ರವನ್ನು ರದ್ದುಗೊಳಿಸುವ ಅಧಿಕಾರವು ಆ ಕಾಯಿದೆಯ ನ್ಯಾಯಮಂಡಳಿಗೆ ಉಂಟು. ಷರತ್ತು ಇದ್ದಿತೆಂಬುದು ಕಾಣಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಹೇಳಿದೆಯಾದ್ದರಿಂದ, ದಾನಪತ್ರವನ್ನು ಬರೆಯುವ ಹಿರಿಯರು ಈ ಒಂದು ವಾಕ್ಯವನ್ನು ಸಂಕೋಚಪಡದೆ ಬರೆಸಬೇಕು. ಒಳ್ಳೆಯ ಮಗನಿಗೆ ಆ ವಾಕ್ಯದಿಂದ ಯಾವ ನಷ್ಟವೂ ಇಲ್ಲ.

“ವ್ಯಾಜ್ಯವು ಬಂದೇಬಿಟ್ಟರೆ?”

ಹಣವಿಲ್ಲವೆಂದು ಹೆದರಬೇಕಾದುದಿಲ್ಲ. ೧೯೮೭ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರು ವರಮಾನವೆಷ್ಟಿದ್ದರೂ ಉಚಿತವಾಗಿ ವಕೀಲರ ಸಹಾಯವನ್ನು ಪಡೆಯಬಹುದು. ತಾಲ್ಲೂಕಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಅದೇ ಕಾಯಿದೆಯ ಲೋಕ ಅದಾಲತ್ತಿನಲ್ಲಿ ಉಭಯಪಕ್ಷದವರೂ ಒಪ್ಪಿದರೆ ವ್ಯಾಜ್ಯವು ರಾಜಿಯಲ್ಲಿ ಮುಗಿಯುವುದು, ಕಟ್ಟಿದ ನ್ಯಾಯಾಲಯದ ಶುಲ್ಕವು ಹಿಂದಕ್ಕೆ ಬರುವುದು, ಮೇಲಿನ ಅಪೀಲುಗಳ ತೊಡಕೂ ಇರುವುದಿಲ್ಲ. ಒಡಹುಟ್ಟಿದವರ ವ್ಯಾಜ್ಯಕ್ಕೆ ಇದಕ್ಕಿಂತ ಉಚಿತವಾದ ಸ್ಥಳವಿಲ್ಲ.

ಇಲ್ಲಿ ಬರೆದುದು ದಾರಿಯನ್ನು ತೋರಿಸುವುದಕ್ಕೆ ಮಾತ್ರ. ಪ್ರತಿಯೊಂದು ಮನೆಯ ಕಾಗದಪತ್ರಗಳೂ ಬೇರೆ ಬೇರೆಯಾಗಿರುವುದರಿಂದ, ಕಾರ್ಯಕ್ಕೆ ಕೈಹಾಕುವ ಮೊದಲು ನಂಬಿಕೆಯುಳ್ಳ ವಕೀಲರೊಬ್ಬರಿಗೆ ಅವನ್ನು ತೋರಿಸತಕ್ಕದ್ದು.

ಕಾಯಿದೆಯು ಪಾಲನ್ನು ಗೊತ್ತುಮಾಡಬಲ್ಲುದು, ಪ್ರೀತಿಯನ್ನು ಗೊತ್ತುಮಾಡಲಾರದು. ಆದರೆ ಪಾಲು ಸ್ಪಷ್ಟವಾಗಿದ್ದ ಮನೆಯಲ್ಲಿ ಪ್ರೀತಿಯು ಉಳಿಯುವುದು ಸುಲಭ. ಬಿಡುವಾದ ಒಂದು ಸಂಜೆ, ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಒಟ್ಟಿಗೆ ಕೂಡಿಸಿಕೊಂಡು, ಮನೆಯ ಪೆಟ್ಟಿಗೆಯನ್ನು ಯಜಮಾನನು ತಾನೇ ತೆರೆದು ತೋರಿಸಿದರೆ, ಆತನು ಇಲ್ಲದ ದಿನ ಅದರ ಬೀಗಕ್ಕಾಗಿ ಯಾರೂ ಹೊಡೆದಾಡರು.