ಮಗು ಹುಟ್ಟಿ ಮೂವತ್ತು ದಿನದೊಳಗೆ

ಹೆಗ್ಗಡದೇವನಕೋಟೆಯ ಹಾಡಿಯಲ್ಲೋ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಊರಲ್ಲೋ ಏಳು ತಿಂಗಳಿಗೇ ಹೆರಿಗೆಯಾದರೆ ಮನೆಯವರಿಗೆ ಒಂದೇ ಚಿಂತೆ, ಕೂಸು ಉಳಿಯುತ್ತದಾ ಎಂದು. 108ರಲ್ಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಓಡುತ್ತಾರೆ. ಕೂಸು ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದು, ತೂಕ ಏರಿ, ಮನೆಗೆ ಬರುತ್ತದೆ. ಗಂಡಾಂತರ ಕಳೆಯಿತೆಂದು ಎಲ್ಲರೂ ನಿರಾಳವಾಗುವ ಹೊತ್ತಿಗೇ ಕಣ್ಣಿನೊಳಗೆ ಇನ್ನೊಂದು ಶುರುವಾಗಿರಬಹುದು.

ಅದಕ್ಕೆ ವೈದ್ಯರು ‘ಆರ್‌ಒಪಿ’ ಎನ್ನುತ್ತಾರೆ. ಕಣ್ಣಿನ ಹಿಂಭಾಗದ ಪರದೆ ರೆಟಿನಾ. ಗರ್ಭದ ನಾಲ್ಕನೇ ತಿಂಗಳಲ್ಲಿ ಅದರ ನಡುವಿನಿಂದ ಹೊರಟ ರಕ್ತನಾಳಗಳು, ನಾಲೆಯ ನೀರು ಕೊನೆಯ ಗದ್ದೆ ಮುಟ್ಟುವಂತೆ, ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅಂಚು ತಲುಪುತ್ತವೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನಲ್ಲಿ ಈ ಬೆಳವಣಿಗೆ ನಡುದಾರಿಯಲ್ಲೇ ನಿಲ್ಲುತ್ತದೆ. ಉಸಿರು ಉಳಿಸಲು ಕೊಡುವ ಆಮ್ಲಜನಕ ಅಳತೆ ಮೀರಿದರೆ ತೊಂದರೆ ಹೆಚ್ಚು. ರಕ್ತ ಸಿಗದ ಅಂಚು ಆಮೇಲೆ ಅಡ್ಡಾದಿಡ್ಡಿ ನಾಳಗಳನ್ನು ಹುಟ್ಟಿಸುತ್ತದೆ, ಅವು ರೆಟಿನಾವನ್ನೇ ಎಳೆದು ಕಳಚುತ್ತವೆ. ಹಾಗೆ ಕಳಚಿಕೊಂಡ ಮೇಲೆ ದೃಷ್ಟಿ ಮರಳುವುದು ಬಹಳ ಅಪರೂಪ.

ಅಮೆರಿಕದ ಬಾಸ್ಟನ್ನಿನಲ್ಲಿ ಥಿಯೋಡೋರ್ ಟೆರ್ರಿ ಈ ಕುರುಡನ್ನು ಮೊದಲು ಗುರುತಿಸಿದ್ದು 1942ರಲ್ಲಿ. ಆಮ್ಲಜನಕದ ಮೇಲೆ ಅನುಮಾನ ಪಟ್ಟವರು ಮೆಲ್ಬರ್ನಿನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್, 1951ರಲ್ಲಿ. 1950ರಲ್ಲಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಕಣ್ಣು ಕಳೆದುಕೊಂಡದ್ದೂ ಇದರಿಂದಲೇ.

ಬೆಂಗಳೂರಿನ ನಾರಾಯಣ ನೇತ್ರಾಲಯದ ಮಕ್ಕಳ ರೆಟಿನಾ ತಜ್ಞ ಡಾ. ಆನಂದ್ ವಿನೇಕರ್ ಅವರ ಸಂಶೋಧನೆ ನಮಗೆ ಮುಖ್ಯವಾಗುವುದು ಇಲ್ಲಿ. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರೊಂದಿಗೆ ಅವರು ಅಲ್ಲಿನ ಹತ್ತು ವರ್ಷಗಳ ದಾಖಲೆ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ಪಾಶ್ಚಾತ್ಯ ದೇಶಗಳಲ್ಲಿ ತೀರಾ ಪುಟ್ಟ ಕೂಸುಗಳಿಗಷ್ಟೇ ಬರುತ್ತದೆಂದುಕೊಂಡಿದ್ದ ಕಾಯಿಲೆ ನಮ್ಮಲ್ಲಿ ಒಂದೂವರೆ ಕಿಲೋ ತೂಗುವ ಮಕ್ಕಳಿಗೂ ಜೋರಾಗಿಯೇ ಬರುತ್ತಿತ್ತು. ಅಮೆರಿಕ, ಬ್ರಿಟನ್ನಿನ ನಿಯಮಗಳನ್ನೇ ನಂಬಿದ್ದರೆ ಆ ಮಕ್ಕಳಲ್ಲಿ ಹತ್ತಿರಹತ್ತಿರ ಐದರಲ್ಲೊಂದು ಪರೀಕ್ಷೆಗೇ ಸಿಗುತ್ತಿರಲಿಲ್ಲ. ಭಾರತದಲ್ಲಿ ಈಗ 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬುವ ಮೊದಲೇ ಹುಟ್ಟಿದ ಎಲ್ಲ ಮಕ್ಕಳನ್ನೂ ನೋಡಬೇಕು, ಅದೂ 30 ದಿನದೊಳಗೆ. ತೀರಾ ಸಣ್ಣ ಕೂಸುಗಳನ್ನು ಎರಡು ಮೂರು ವಾರಕ್ಕೇ.

ಆದರೆ ನೋಡುವವರು ಯಾರು? ಇಷ್ಟು ಎಳೆಯ ರೆಟಿನಾ ಬಲ್ಲ ತಜ್ಞರು ದೊಡ್ಡ ಊರುಗಳಲ್ಲಷ್ಟೇ ಇದ್ದರು. 2008ರಲ್ಲಿ ವಿನೇಕರ್ ಅವರ ತಂಡ ಶುರುಮಾಡಿದ ‘ಕಿಡ್‌ರಾಪ್’ ಯೋಜನೆ ಡಾಕ್ಟರ ಬದಲು ಕ್ಯಾಮೆರಾವನ್ನು ಗಾಡಿ ಹತ್ತಿಸಿತು. ತರಬೇತಾದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಹನಿ ಹಾಕಿ ಪಾಪೆ ಹಿಗ್ಗಿಸುತ್ತಾರೆ. ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಪುಟ್ಟ ತಂತಿಯಿಂದ ರೆಪ್ಪೆ ಬಿಡಿಸಿ, ಜೆಲ್ ಹಚ್ಚಿದ ಲೆನ್ಸನ್ನು ಕಣ್ಣಿಗೆ ತಾಗಿಸಿ ಚಿತ್ರ ತೆಗೆಯುತ್ತಾರೆ. ಮಗು ಚೀರುತ್ತದೆ, ನೋಡುವ ತಾಯಿಗೆ ಕರುಳು ಹಿಂಡಿದಂತಾಗುತ್ತದೆ. ಚಿತ್ರವನ್ನು ಅಲ್ಲೇ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪು ಎಂದರೆ ತಡಮಾಡುವಂತಿಲ್ಲ. ಬೆಂಗಳೂರಿನ ತಜ್ಞರು ಮೊಬೈಲಿನಲ್ಲೇ ನೋಡಿ ವರದಿ ಕೊಡುತ್ತಾರೆ.

2014ರಲ್ಲಿ ಪ್ರಕಟವಾದ ವರದಿಯ ಪ್ರಕಾರ 7 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೀಗೆ ನೋಡಲಾಗಿತ್ತು. ಚಿಕಿತ್ಸೆ ಬೇಕಾದದ್ದು ನೂರಕ್ಕೆ ಮೂರು ನಾಲ್ಕು ಮಕ್ಕಳಿಗೆ ಮಾತ್ರ. ಕಡಿಮೆ ಅನ್ನಿಸಬಹುದು, ಆದರೆ ಆ ಮೂರು ನಾಲ್ಕು ಯಾರೆಂದು ತಿಳಿಯಲು ನೂರನ್ನೂ ನೋಡಲೇಬೇಕು. ವಿದೇಶಿ ಕ್ಯಾಮೆರಾ ತುಂಬ ದುಬಾರಿಯಾಗಿತ್ತು. ಬೆಂಗಳೂರಿನ ಫೋರಸ್ ಹೆಲ್ತ್ ‘ತ್ರಿನೇತ್ರ ನಿಯೋ’ ಎಂಬ ಅಗ್ಗದ ಕ್ಯಾಮೆರಾ ಮಾಡಿತು. ಅದು ಎಳೆಗೂಸುಗಳಿಗೆ ಸುರಕ್ಷಿತವೇ ಎಂದು ಪರೀಕ್ಷಿಸಿದವರಲ್ಲೂ ವಿನೇಕರ್ ಇದ್ದರು.

ಇಷ್ಟಾದರೂ ನಮ್ಮ ಕಡೆ ಒಂದು ತೊಡಕಿದೆ. ಆಸ್ಪತ್ರೆಯಿಂದ ಬಂದ ಬಾಣಂತಿ ತವರು ಸೇರುತ್ತಾಳೆ, ಹುಣಸೂರಿನ ಸೊಸೆ ಕೆ.ಆರ್. ನಗರದ ತಾಯಿಮನೆಗೆ. ಕೂಸನ್ನು ಹೊರಗೆ ತೆಗೆಯಬಾರದೆಂದು ಹಿರಿಯರು ಹೇಳುತ್ತಾರೆ, ಅದೂ ಅಕ್ಕರೆಯಿಂದಲೇ. ಕಣ್ಣು ಪರೀಕ್ಷಿಸಬೇಕಾದ ದಿನಗಳು ಹಾಗೇ ಕಳೆಯುತ್ತವೆ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಪಾಪೆಯಲ್ಲಿ ಬಿಳಿ ಕಾಣಿಸಿಕೊಂಡಾಗ ತಡವಾಗಿರುತ್ತದೆ. ಹೊತ್ತಿಗೆ ಸಿಕ್ಕರೆ ಲೇಸರ್ ಅಥವಾ ಇಂಜೆಕ್ಷನ್ ಸಾಕಾಗುತ್ತದೆ.

ಆಶಾ ಕಾರ್ಯಕರ್ತೆ 28ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಅಷ್ಟರಲ್ಲಿ ಕಣ್ಣಿನ ಪರೀಕ್ಷೆ ಆಗಿರದಿದ್ದರೆ ಉಳಿಯುವುದು ಎರಡೇ ದಿನ. ಬೇಗ ಹುಟ್ಟಿದ ಕೂಸು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಅಲ್ಲಿಯವರೆಗೂ ಕಾಯಬೇಡಿ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ರೆಟಿನಾ ಪರೀಕ್ಷೆ ಯಾವಾಗ, ಎಲ್ಲಿ ಎಂದು ಕೇಳಿ ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ.